ಏಳನೆಯ ಅಣುವಿನ ತೂಕ

ಚೆನ್ನೈಗೆ ಸೊಸೆಯಾಗಿ ಬಂದ ಹೊಸದರಲ್ಲೇ ಸಂಗೀತಾ ತಮಿಳಿನ ಗುಟ್ಟನ್ನು ಪತ್ತೆ ಹಚ್ಚಿಬಿಟ್ಟಿದ್ದಳು. ಕನ್ನಡದ ಮಾತಿನ ಹಿಂದೆ ಒಂದು ‘ಅಂ’ ಅಂಟಿಸಿದರಾಯಿತು, ತಮಿಳು ಸಿದ್ಧ. ಮರ ಅಂದರೆ ಮರಂ, ದೂರ ಅಂದರೆ ದೂರಂ, ಗುಣ ಅಂದರೆ ಗುಣಂ. ಇಷ್ಟು ಸಲೀಸಾದ ಭಾಷೆಗೆ ಜನ ಯಾಕೆ ಹೆದರುತ್ತಾರೋ ಎಂದು ಆಕೆಗೆ ನಗು ಬರುತ್ತಿತ್ತು. ರಾಯಪುರಂನಲ್ಲೇ ಹುಟ್ಟಿ ಬೆಳೆದು ರೈಲ್ವೆ ಸೇರಿದ್ದ ಗಂಡ ರುದ್ರಮುನಿ, “ಅಷ್ಟು ಧೈರ್ಯ ಬ್ಯಾಡ ತಾಯಿ” ಎಂದು ಒಂದೆರಡು ಸಲ ಹೇಳಿ ನೋಡಿದ. ಕೇಳುವವರು ಯಾರು?

ಹಾಗಂತ ಆಕೆ ದಡ್ಡಿ ಎಂದುಕೊಳ್ಳಬೇಡಿ. ಅಡ್ಯಾರಿನ ಒಂದು ಸಣ್ಣ ಔಷಧ ಸಂಶೋಧನಾ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಇನ್ನೂ ಜಗತ್ತಿನಲ್ಲೇ ಇಲ್ಲದ ಅಣುಗಳನ್ನು ಕಟ್ಟುವುದು ಆಕೆಯ ಕೆಲಸ. ಯಾವ ಅಣು ದೇಹದ ಯಾವ ಪ್ರೋಟೀನಿನ ಸಂದಿಯಲ್ಲಿ ಹೋಗಿ ಕೂರುತ್ತದೆ, ಎಷ್ಟು ಭದ್ರವಾಗಿ ಕೂರುತ್ತದೆ ಎಂದು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಬೇಕು. ಜೊತೆಗೊಂದು ಮಾಡೆಲ್ ಇತ್ತು. ಹಿಂದಿನ ಪ್ರಯೋಗಗಳ ಫಲವನ್ನೆಲ್ಲ ಉಣಿಸಿದರೆ ಅದು ತಾನೇ ಕಲಿತು, ‘ಇಂಥದ್ದನ್ನು ಮಾಡಿ ನೋಡಿ’ ಎಂದು ಹೊಸ ಅಣುಗಳನ್ನು ಸೂಚಿಸುತ್ತಿತ್ತು. ಹೊಸ ಸೊಸೆಯ ಹಾಗೆ ಹೇಳಿದ್ದಷ್ಟನ್ನೇ ನಂಬುತ್ತಿತ್ತು, ಪಾಪ.

ಅವರೆಲ್ಲ ಹುಡುಕುತ್ತಿದ್ದದ್ದು ಕಾಲುರಿಗೆ ಔಷಧ. ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಕೆಂಡ ತುಳಿದಂತೆ ಉರಿಯುತ್ತದಲ್ಲ, ಅದಕ್ಕೆ. ಆ ಉರಿಯನ್ನು ಸಂಗೀತಾ ಪುಸ್ತಕದಲ್ಲಿ ಓದಿ ತಿಳಿದವಳಲ್ಲ. ಸಂಜೆಯಾದರೆ ಅತ್ತೆ ನೀಲಗಂಗಮ್ಮ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಉರಿಯೇನೋ ತಗ್ಗುತ್ತಿತ್ತು, ಆದರೆ ಮೈಮೇಲೆ ಎಚ್ಚರವಿಲ್ಲದ ನಿದ್ದೆ. ಒಮ್ಮೆ ಒಗ್ಗರಣೆಗೆ ಎಣ್ಣೆ ಇಟ್ಟು, ನಿಂತಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದ್ದರು.

“ಉರಿ ಬೇಕೋ, ನಿದ್ದಿ ಬೇಕೋ ಅಂತ ಕೇಳ್ತೈತಿ ನೋಡು ಈ ಗುಳಿಗಿ,” ಎಂದಿದ್ದರು ಅತ್ತೆ. ತಮ್ಮೂರು ಕೊಟ್ಟೂರಿನ ಮಾತನ್ನು ಅವರು ಚೆನ್ನೈಯಲ್ಲೂ ಬಿಟ್ಟಿರಲಿಲ್ಲ. “ಎರಡೂ ಬ್ಯಾಡ ಅನ್ನೋರಿಗೆ ಏನಾರ ಮಾಡವ್ವ.”

ಅದೇ ಮಾತು ಸಂಗೀತಾಳ ತಲೆಯಲ್ಲಿ ಕೂತುಬಿಟ್ಟಿತ್ತು. ಹಳೆಯ ಮಾತ್ರೆ ಮಿದುಳಿಗೆ ನುಗ್ಗುವುದರಿಂದ ನಿದ್ದೆ ಬರುತ್ತದೆ. ಕಾಲಿನ ನರಕ್ಕೆ ಮಾತ್ರ ಹೋಗಿ, ಮಿದುಳಿನ ಬಾಗಿಲಲ್ಲೇ ನಿಲ್ಲುವ ಅಣು ಬೇಕು. ಮಾಡೆಲ್ ಸೂಚಿಸಿದವುಗಳಲ್ಲಿ ಏಳನೆಯದು ಆಕೆಯ ಕಣ್ಮಣಿಯಾಗಿತ್ತು. ನರದ ಪ್ರೋಟೀನಿನಲ್ಲಿ ಎಷ್ಟು ಚೆಂದ ಕೂರುತ್ತಿತ್ತೆಂದರೆ, ಊಟದ ಡಬ್ಬಿ ಬಿಚ್ಚಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದಳು. ತಂಡದ ಮುಖ್ಯಸ್ಥೆ ಅನಸೂಯ, ಮೂರು ತಲೆಮಾರಿನಿಂದ ಚೆನ್ನೈಯಲ್ಲಿರುವ ಕನ್ನಡದವರು, ಅಣು ತುಸು ದಪ್ಪ ಎಂದು ಒಂದೇ ಆಕ್ಷೇಪ ಎತ್ತಿದ್ದರು. “ಕೊಂಜ ಗುಂಡು ಅಲ್ವಾ ಮಾ ಇದು?”

ಏಳನೆಯದನ್ನು ತಯಾರಿಸಿ, ಕಾಲುರಿ ಬರಿಸಿದ ಇಲಿಗಳಿಗೆ ಕೊಟ್ಟು ನೋಡುವ ಕೆಲಸ ಮೋಹನನದು. ಅಪ್ಪಟ ತಮಿಳಿನವನು, ಮಾತು ಕಡಿಮೆ. ಫಲ ತಿಳಿದ ಕೂಡಲೇ ಫೋನು ಮಾಡಿದ. ಸಂಗೀತಾ ಆಗ ಬಸ್ಸಿನಲ್ಲಿ ನಿಂತು ಜೋತಾಡುತ್ತಿದ್ದಳು.

“ಮೇಡಂ, ಸೆವೆನ್‌ಲ ತೂಕ್ಕಂ ಜಾಸ್ತಿ.”

ಅರ್ಥವಾಗುವುದಕ್ಕೆ ಎಷ್ಟು ಹೊತ್ತು? ತೂಕ, ಅದಕ್ಕೊಂದು ‘ಅಂ’. ತೂಕ ಜಾಸ್ತಿ. ಅನಸೂಯ ಮೇಡಂ ಹೇಳಿದ್ದೇ ನಿಜವಾಯಿತು, ಅಣು ಭಾರವಾಗಿದೆ, ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತಿಲ್ಲ. ಬೇಸರವಾಯಿತು, ಆದರೆ ಬಸ್ಸಿನ ಗದ್ದಲದಲ್ಲೂ ತಮಿಳು ಒಂದೇ ಏಟಿಗೆ ತಿಳಿಯಿತಲ್ಲ ಎಂಬ ಹೆಮ್ಮೆ ಅದಕ್ಕಿಂತ ದೊಡ್ಡದಿತ್ತು. ಮರುದಿನವೇ ಮಾಡೆಲ್‌ಗೆ ಪಾಠ ಶುರು: ಭಾರ ಕೆಟ್ಟದ್ದು, ಹಗುರ ಒಳ್ಳೆಯದು. ಅದು ವಿಧೇಯವಾಗಿ ಏಳನೆಯದರ ಕೈಕಾಲು ಕತ್ತರಿಸಿ ಸಣಕಲು ಅಣುಗಳನ್ನು ಹೆತ್ತು ಕೊಟ್ಟಿತು. ಮೋಹನನ ಇಂಗ್ಲಿಷ್ ವರದಿ ಆಮೇಲೆ ಬಂತು. ಗೊತ್ತಿದ್ದದ್ದನ್ನೇ ಮತ್ತೆ ಓದುವುದೇನು ಎಂದು ಆಕೆ ಅದನ್ನು ತೆರೆಯಲೂ ಇಲ್ಲ.

ಹೊಸ ಅಣುಗಳ ತಯಾರಿಗೆ ಒಪ್ಪಿಗೆ ಕೊಡುವಾಗ ಅನಸೂಯ ಮೆತ್ತಗೆ ಹೇಳಿದರು, “ಇದೇ ಕಡೇ ಬ್ಯಾಚ್ ಮಾ. ಇದೂ ಸರಿಹೋಗ್ಲಿಲ್ಲಾಂದ್ರೆ ಕಾಲುರಿ ಪ್ರಾಜೆಕ್ಟ್ ಮುಚ್ಬೇಕಾಗತ್ತೆ. ಮೇಲಿನೋರು ಹೇಳ್ಬಿಟ್ಟಿದಾರೆ.”

ಕೆಲವು ವಾರ ಕಳೆದು ಮೋಹನ್ ಮತ್ತೆ ಫೋನು ಮಾಡಿದ. “ಮೇಡಂ, ಇದುಲ ಇನ್ನುಂ ಜಾಸ್ತಿ ತೂಕ್ಕಂ.”

ಸಂಗೀತಾಳ ಪಿತ್ತ ನೆತ್ತಿಗೇರಿತು. ಅರ್ಧಕ್ಕರ್ಧ ಕತ್ತರಿಸಿದ ಅಣು ಇನ್ನೂ ಭಾರವಾಗುವುದೆಂದರೇನು, ತಮಾಷೆಯೇ? ಧಡಧಡ ಮೆಟ್ಟಿಲಿಳಿದು ಇಲಿಗಳ ಕೋಣೆಗೆ ಹೋದಳು. ಇಲಿಗಳು ಕತ್ತಲಲ್ಲಿ ಓಡಾಡುವ ಜೀವಗಳಾದ್ದರಿಂದ ಅಲ್ಲಿ ಹಗಲನ್ನೇ ರಾತ್ರಿ ಮಾಡಿ, ಮಂಕು ಕೆಂಪು ದೀಪ ಹಾಕಿದ್ದರು.

“ಎಲ್ಲಿ ತೂಕಂ? ತೋರಿಸಿ ಮೋಹನ್.”

ಮೋಹನ್ ಬೆಪ್ಪಾಗಿ ಪಂಜರದ ಕಡೆ ಕೈ ತೋರಿಸಿದ. ಓಡಾಡಬೇಕಾದ ಹೊತ್ತಿನಲ್ಲಿ ಇಲಿಗಳು ಒಂದರ ಮೇಲೊಂದು ಬಿದ್ದುಕೊಂಡು ಗಡದ್ದಾಗಿ ಮಲಗಿದ್ದವು. ಓಹೋ, ಇಲಿಗಳೇ ದಪ್ಪಗಾಗಿವೆ ಎನ್ನುತ್ತಿದ್ದಾನೋ ಎಂದುಕೊಂಡು ಸಂಗೀತಾ ತಕ್ಕಡಿ ಕೇಳಿದಳು. ಒಂದು ಇಲಿಯನ್ನೆತ್ತಿ ಅದರ ಮೇಲಿಟ್ಟಳು. ಮಹಾಶಯ ಕಣ್ಣು ಕೂಡ ತೆರೆಯಲಿಲ್ಲ. ತಕ್ಕಡಿಯ ಮೇಲೇ ಮಗ್ಗುಲು ಬದಲಿಸಿದ.

“ನಾರ್ಮಲ್ ಇದೆಯಲ್ರೀ?”

“ವೆಯ್ಟ್ ನಾರ್ಮಲ್ ದಾನ್ ಮೇಡಂ,” ಎಂದ ಮೋಹನ್, ಈಕೆಗೇನಾಯಿತು ಎಂಬಂತೆ ನೋಡುತ್ತ. ಆಮೇಲೆ ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಒತ್ತಿ, ತಲೆ ವಾಲಿಸಿ, ಕಣ್ಣು ಮುಚ್ಚಿ ತೋರಿಸಿದ. “ತೂಕ್ಕಂ. ಸ್ಲೀಪ್, ಮೇಡಂ.”

ತೂಕ್ಕಂ ಅಂದರೆ ತೂಕವಲ್ಲ, ನಿದ್ದೆ. ಕನ್ನಡದಲ್ಲೇ ತೂಕಡಿಕೆ ಎಂಬ ಮಾತು ಪಕ್ಕದಲ್ಲಿ ಕೂತು ಕೈ ಬೀಸುತ್ತಿದ್ದರೂ ಈಕೆ ಅದನ್ನು ಬಿಟ್ಟು ತಕ್ಕಡಿ ಹಿಡಿದಿದ್ದಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಸೌಕಾರ್‌ಪೇಟೆಯ ಇಕ್ಕಟ್ಟಿನ ಗಲ್ಲಿಯಲ್ಲಿ ಸಣಕಲು ಮನುಷ್ಯ ಸರಕ್ಕನೆ ನುಸುಳುತ್ತಾನೆ, ತಲೆಹೊರೆಯವನು ಗಲ್ಲಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತಾನೆ. ಮಿದುಳಿನ ಬಾಗಿಲೂ ಹೆಚ್ಚು ಕಡಿಮೆ ಹಾಗೆಯೇ. ನಿದ್ದೆ ಬರಿಸುವ ಅಣುವನ್ನು ಹಗುರ ಮಾಡಿ ಮಾಡಿ, ಅದು ಇನ್ನಷ್ಟು ಸಲೀಸಾಗಿ ಒಳಹೋಗುವಂತೆ ಮಾಡಿದವಳು ತಾನೇ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ನಾಚಿಕೆಯಿಂದ ಆಕೆಯ ಕಿವಿ ಬಿಸಿಯಾಯಿತು.

ಮನೆಯಲ್ಲಿ ಊಟ ಸೇರಲಿಲ್ಲ. ಅತ್ತೆ ಬಿಡದೆ ಕೇಳಿದಾಗ ಎಲ್ಲ ಹೇಳಿ ಅತ್ತೂಬಿಟ್ಟಳು. ನೀಲಗಂಗಮ್ಮ ಸಮಾಧಾನ ಮಾಡುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಾ ಈ ಊರಿಗೆ ಬಂದ ಹೊಸದಾಗ ಡಾಕ್ಟರಮ್ಮ ‘ತೂಕ್ಕಂ ಎಪ್ಪಡಿ’ ಅಂದ್ಲು. ಐವತ್ತು ಕೆಜಿ ಅಂದೆ. ‘ನೈಟ್‌ಲ?’ ಅಂದ್ಲು. ರಾತ್ರೀನೂ ಅಷ್ಟ ಅಂದೆ.” ಸೆರಗಿನಿಂದ ಕಣ್ಣೊರೆಸಿಕೊಂಡರು. “ಹೋಗಿ ಇದ್ದದ್ದು ಇದ್ದಂಗ ಹೇಳು. ನಕ್ರ ನಗ್ಲಿ.”

ಬೆಳಿಗ್ಗೆ ಆಫೀಸಿಗೆ ಹೋದವಳು ಮೊದಲು ಮಾಡೆಲ್ ಮುಂದೆ ಕೂತಳು. ಹಾಕಿದ್ದ ತಪ್ಪು ಪಾಠವನ್ನು ಅಳಿಸಿ, ಯಾವ ಅಣು ಎಷ್ಟು ನಿದ್ದೆ ತರಿಸಿತು ಎಂಬುದನ್ನು ಉಣಿಸಿದಳು. ಈವರೆಗೆ ಅದಕ್ಕೆ ಗೆದ್ದ ಅಣುಗಳ ಸುದ್ದಿಯೇ ಹೆಚ್ಚಾಗಿ ಸಿಕ್ಕಿತ್ತು. ಹೀಗೆ ಒಂದೇ ಮನೆಯ ದಪ್ಪನೆಯವರು, ತೆಳ್ಳನೆಯವರು ಸಾಲಾಗಿ ಸೋತದ್ದನ್ನು ಯಾರೂ ತೋರಿಸಿರಲಿಲ್ಲ. ಬೇಕೆಂದು ಯಾರಾದರೂ ಇಂಥ ಅಡ್ಡಕಸುಬಿ ಬ್ಯಾಚ್ ಮಾಡಿಸುತ್ತಾರೆಯೇ? ಸಂಜೆಯ ಹೊತ್ತಿಗೆ ಮಾಡೆಲ್ ಹೊಸ ಉತ್ತರ ಕೊಟ್ಟಿತು: ಏಳನೆಯದರ ಮೈಯನ್ನು ಮುಟ್ಟಬೇಡಿ, ಅದಕ್ಕೆ ನೀರಿಗೆ ಒಲಿಯುವ ಉದ್ದನೆಯ ಬಾಲವೊಂದನ್ನು ಕೂಡಿಸಿ. ಸಂಗೀತಾ ಪರದೆಯ ಮೇಲೆ ಕೂರಿಸಿ ನೋಡಿದಳು. ಮೈ ಅದೇ ಸಂದಿಯಲ್ಲಿ ಭದ್ರವಾಗಿತ್ತು, ಬಾಲ ಹೊರಗೆ ಆರಾಮಾಗಿ ಆಡುತ್ತಿತ್ತು. ಅಷ್ಟುದ್ದದ ಬಾಲ ಹೊತ್ತು ಮಿದುಳಿನ ಬಾಗಿಲು ದಾಟುವುದು ಕಷ್ಟ.

ಅನಸೂಯ ಪೂರ್ತಿ ಕೇಳಿದರು. ನಗಲಿಲ್ಲ.

“ಒಂದು ವಾರ್ತೆ, ಒಂದೇ ಒಂದು ಮಾತು, ಕೇಳ್ಬಾರದಾಗಿತ್ತಾ ಮಾ ಅವನ್ನ?”

“ಕೇಳಬೇಕಿತ್ತು ಮೇಡಂ. ಗೊತ್ತಾಯ್ತು ಅಂದ್ಕೊಂಡೆ. ವರದೀನೂ ಓದಲಿಲ್ಲ. ತಪ್ಪು ನಂದೇ.”

ಅನಸೂಯ ಆ ಬಾಲದ ಅಣುವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು. “ಮೇಲಿನೋರ ಹತ್ರ ನಾನು ಮಾತಾಡ್ತೀನಿ. ಆದ್ರೆ ಬ್ಯಾಚ್ ಗೀಚ್ ಇಲ್ಲ. ಇದೊಂದೇ.”

ಆ ಒಂದೇ ಒಂದು ಅಣು ತಯಾರಾಗಿ ಇಲಿಗಳ ಹೊಟ್ಟೆ ಸೇರುವವರೆಗೆ ಸಂಗೀತಾ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಳು. ಫೋನು ಬಂದಾಗ ಮೋಹನ್ ಬಾಯಿ ತೆರೆಯುವ ಮುಂಚೆಯೇ, “ಇಂಗ್ಲಿಷಲ್ಲಿ ಹೇಳಿ ಮೋಹನ್, ಪ್ಲೀಸ್,” ಎಂದಳು. ಅವನು ಹೇಳಲೇ ಇಲ್ಲ. ಫೋನನ್ನು ಪಂಜರಕ್ಕೆ ಹಿಡಿದ. ಕಿರ್ ಕಿರ್ ಎಂದು ಇಲಿಗಳು ಚಕ್ರ ತುಳಿಯುವ ಸದ್ದು. ಪಾದಕ್ಕೆ ನೈಲಾನ್ ಎಳೆ ತಾಗಿಸಿದರೂ ಮುಂಚಿನಂತೆ ಉರಿಯಿಂದ ಕಾಲು ಎಳೆದುಕೊಳ್ಳುತ್ತಿಲ್ಲವಂತೆ. ಪ್ರಾಜೆಕ್ಟ್ ಮುಚ್ಚುವ ಮಾತನ್ನು ಮೇಲಿನವರು ಅವತ್ತೇ ಕೈಬಿಟ್ಟರು.

ಸಂಗೀತಾ ಮನೆಗೆ ಹಾರಿಕೊಂಡೇ ಬಂದಳು. ನೀಲಗಂಗಮ್ಮ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದರು.

“ಇಲಿಗೆ ಉರಿ ಹೋತೇನು?”

“ಹೋತು ಅತ್ತೆ.”

“ನಿದ್ದಿ?”

“ಇಲ್ಲ. ಓಡಾಡಾಕ ಹತ್ಯಾವ.”

“ಪುಣ್ಯ ಮಾಡಿದ್ವು ಬಿಡು.” ಅತ್ತೆ ಸ್ವಲ್ಪ ಹೊತ್ತು ನೀರನ್ನು ಕಾಲಲ್ಲೇ ಕದಡಿದರು. “ನನಗ ಯಾವಾಗ ಸಿಗ್ತೈತಿ ಅದು?”

ಸುಳ್ಳು ಹೇಳುವುದು ಸುಲಭವಿತ್ತು. ಸಂಗೀತಾ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇನ್ನೂ ಎಷ್ಟೋ ಪರೀಕ್ಷೆಗಳಿವೆ, ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದೇ ಹೆಚ್ಚು ಎಂದು ವಿವರಿಸಿದಳು. “ಎಲ್ಲಾ ಸರಿ ಹೋದ್ರ ಹತ್ತು ವರ್ಷ ಆಕ್ಕೈತಿ ಅತ್ತೆ.”

ನೀಲಗಂಗಮ್ಮ ಬಕೆಟ್ಟಿನಿಂದ ಕಾಲೆತ್ತಿ, ಒಂದೊಂದೇ ಬೆರಳಿನ ಸಂದಿಯನ್ನು ಟವೆಲಿನಿಂದ ಒರೆಸಿಕೊಂಡರು. ಆಮೇಲೆ ಸೊಸೆಯ ಭುಜ ಹಿಡಿದು ಎದ್ದು ನಿಂತರು.

“ಹಂಗಾರ ನಾಳಿಂದ ನನ್ನ ಕಾಫಿಗೆ ಸಕ್ಕರಿ ಹಾಕಬ್ಯಾಡವ್ವ,” ಎಂದರು. “ಹತ್ತು ವರ್ಷ ಇರಬೇಕಲ್ಲ.”