ಏರ್ ಫಿಲ್ಟರ್ ಆರಿಸುವ ಕತೆ

೧.

ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣ ಅಂದುಕೊಂಡಿದ್ದೆ. ಆಮೇಲೆ, ಪಾಪ, ದುಡಿದು ದಣಿದು ಬಂದು ಓದಲು ಕೂತವರು, ಅವರಿಗೇಕೆ ನನ್ನ ಕೆಲಸ ಹಚ್ಚಲಿ ಅನ್ನಿಸಿತು. ಮೊದಲ ಡ್ರಾಫ್ಟ್ ಎಂಜಿನ್ ಸದ್ದಿನಿಂದ ಶುರುವಾಗಿತ್ತು, ಹರಿದು ಹಾಕಿದೆ. ಎರಡನೆಯದು ಚಾಮರಾಜನಗರದ ಬೆಳಗಿನ ವರ್ಣನೆ. ಓದಿ ನನಗೇ ಆಕಳಿಕೆ ಬಂತು, ಅದನ್ನೂ ಹರಿದೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ: ಶಿವಮಲ್ಲು ತನ್ನ ಹಳೇ ಪದ್ಮಿನಿ ಕಾರಿಗೆ ಏರ್ ಫಿಲ್ಟರ್ ಆರಿಸುತ್ತಿದ್ದಾನೆ. ಆರಿಸುತ್ತ ಆರಿಸುತ್ತ ಹೆಂಡತಿಯನ್ನು ಕಳೆದುಕೊಳ್ಳುವ ಹಾಗಿದ್ದಾನೆ.

(ಇಷ್ಟನ್ನು ಮೊದಲೇ ಹೇಳಿದರೆ ಕುತೂಹಲ ಉಳಿಯುವುದಿಲ್ಲ ಎನ್ನುವವರಿದ್ದಾರೆ. ಕುತೂಹಲ ಕಾಪಾಡುವಷ್ಟು ತ್ರಾಣ ಈಗ ನನ್ನಲ್ಲಿಲ್ಲ.)

೨.

ಶಿವಮಲ್ಲು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮನೆ ಚಾಮರಾಜನಗರದಲ್ಲಿ. ಹೆಂಡತಿ ಭವ್ಯ ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ದಿನಾ ಬಸ್ಸಲ್ಲಿ ಹೋಗಿ ಬಸ್ಸಲ್ಲೇ ಬರುತ್ತಾಳೆ, ಹೆಚ್ಚಿನ ದಿನ ನಿಂತುಕೊಂಡೇ.

"ಕಾರೊಂದು ರೆಡಿಯಾಗ್ಲಿ ಕಣೆ, ದಿನಾ ಸಂಜೆ ನಾನೇ ಬಂದು ಕರ್ಕಂಡ್ ಬತ್ತೀನಿ" ಎಂದು ಅವನು ಮದುವೆಯಾದಾಗಿನಿಂದ ಹೇಳುತ್ತಿದ್ದಾನೆ. ಕಾರು ರೆಡಿಯಾಗಲಿಲ್ಲ ಎನ್ನುವಂತಿಲ್ಲ, ಆಗುತ್ತಲೇ ಇದೆ. ಹೆಚ್ಚು ಶಕ್ತಿ ಬರಲೆಂದು ಎಂಜಿನ್ ಬೋರ್ ಮಾಡಿಸಿದ, ಕೊಯಮತ್ತೂರಿನಿಂದ ಜೋಡಿ ಕಾರ್ಬ್ಯುರೇಟರ್ ತರಿಸಿದ. ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಉಳಿದದ್ದು ಫಿಲ್ಟರ್ ಒಂದೇ.

೩.

ಹಳೇ ಡಬ್ಬಿಯೊಳಗೆ ಪೇಪರ್ ಫಿಲ್ಟರ್ ಇಟ್ಟರೆ ಧೂಳು ಒಳಗೆ ಹೋಗುವುದಿಲ್ಲ, ಆದರೆ ಎರಡು ಕಾರ್ಬ್ಯುರೇಟರ್‌ಗೆ ಬೇಕಾದಷ್ಟು ಗಾಳಿಯೂ ಹೋಗುವುದಿಲ್ಲ. ಬರೀ ಜಾಲರಿ ಹಾಕಿದರೆ ಗಾಳಿಗೆ ಬರವಿಲ್ಲ. ಜೊತೆಗೆ ಕರಿಕಲ್ಲು ಕ್ವಾರಿಯ ಟಿಪ್ಪರ್‌ಗಳು ಎಬ್ಬಿಸುವ ಪುಡಿಯೆಲ್ಲ ನೇರ ಸಿಲಿಂಡರಿಗೆ. ಎಣ್ಣೆ ಹಚ್ಚಿದ ಫೋಮ್ ಇವೆರಡರ ನಡುವಿನದು, ಆದರೆ ಆಗಾಗ ತೊಳೆದು ಹಿಂಡಿ ಮತ್ತೆ ಎಣ್ಣೆ ಕುಡಿಸಬೇಕು, ಕೂಸು ಸಾಕಿದ ಹಾಗೆ. ಶಿವಮಲ್ಲು ಮೂರನ್ನೂ ತರಿಸಿದ. ಒಂದನ್ನು ಹಾಕುತ್ತಾನೆ, ಬಿಚ್ಚುತ್ತಾನೆ, ಫೋನಿನಲ್ಲಿ ಇನ್ನೊಂದು ವಿಡಿಯೋ ನೋಡುತ್ತಾನೆ.

"ಯಾವುದಾದರೂ ಒಂದು ಹಾಕಿ ಮುಗಿಸು ಮಾರಾಯ" ಎಂದೆ.

"ನೀವು ಕತೆ ಸುರುವನ್ನೇ ಮೂರ್ ಸಲ ಅರ್ದಾಕಿದ್ದೀರಿ ಸಾ. ನಂಗ್ಯಾಕೆ ಅವಸ್ರ ಮಾಡೀರಿ?"

(ಹರಿದದ್ದು ಎರಡೇ ಸಲ.)

೪.

ಕೊನೆಗೆ ಫೋಮ್ ಎಂದು ತೀರ್ಮಾನವಾಯಿತು. ಸಂಜೆ ಗುಂಡ್ಲುಪೇಟೆಗೆ ಬರುವುದಾಗಿ ಭವ್ಯಳಿಗೆ ಫೋನ್ ಮಾಡಿದ. ಅವಳು ನಂಬಲಿಲ್ಲ, ಆದರೂ ಕಾಯುತ್ತೇನೆ ಎಂದಳು. ಹೊರಡುವ ಹೊತ್ತಿಗೆ ಶಿವಮಲ್ಲುವಿನ ತಾಯಿ ಪುಟ್ಟಸಿದ್ದಮ್ಮ ಅಡ್ಡ ಬಂದರು.

"ಒಸಾ ಸಾಮಾನು ಆಕ್ಬುಟ್ಟು ಅಂಗೇ ಓದಾರ ಮಗ? ತಡಿ."

ಮಾದಪ್ಪನ ಹೆಸರು ಹೇಳಿ ವಿಭೂತಿ ಕಲಸಿದರು. ಬಾನೆಟ್ಟಿಗಾಯಿತು, ಸ್ಟಿಯರಿಂಗಿಗಾಯಿತು, ಚಕ್ರಗಳಿಗಾಯಿತು. ಹೊಸ ಸಾಮಾನು ಯಾವುದೆಂದು ಕೇಳಿ, ಬಾನೆಟ್ ಎತ್ತಿಸಿ, ಕಾರ್ಬ್ಯುರೇಟರಿಗೊಂದರಂತೆ ಇದ್ದ ಎರಡೂ ಫಿಲ್ಟರ್‌ಗಳ ಮೈತುಂಬ ಮೂರು ಬೆರಳಲ್ಲಿ ದಪ್ಪಗೆ ಎಳೆದರು. ಇಷ್ಟು ಬಳಿದರೆ ಗಾಳಿ ಹೋಗದೆಂದು ಶಿವಮಲ್ಲುವಿಗೆ ಗೊತ್ತಿತ್ತು. ಆದರೆ ಮಾದಪ್ಪನ ವಿಭೂತಿ ಒರೆಸಲು ಯಾರ ಕೈ ಬರುತ್ತದೆ? ಬೀದಿ ದಾಟಿದ ಮೇಲೂ ಅವನ ಕೈ ಬರಲಿಲ್ಲ. ಎಣ್ಣೆಗೆ ಅಂಟಿದ ವಿಭೂತಿ ಒಣಗಿ ಗಾರೆ ಬಳಿದಂತಾಗಿ, ತೆರಕಣಾಂಬಿ ಹತ್ತಿರ ಪದ್ಮಿನಿ ಉಸಿರುಕಟ್ಟಿ, ಕರೀ ಹೊಗೆ ಬಿಟ್ಟು ನಿಂತಿತು.

೫.

ಫಿಲ್ಟರ್ ಕಿತ್ತು ಡಿಕ್ಕಿಗೆಸೆದು ಓಡಿಸಿದ್ದರೆ ಗುಂಡ್ಲುಪೇಟೆ ಸೇರಬಹುದಿತ್ತು. ನಾನು ಹಾಗೆಯೇ ಬರೆದೆ. ಭವ್ಯ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಾಳೆ, ಕಾರು ಬರುತ್ತದೆ, ಅವಳು ನಗುತ್ತಾಳೆ.

"ಅಳ್ಸಿ ಸಾ ಅದ" ಎಂದ ಶಿವಮಲ್ಲು. "ಇಷ್ಟ್ ದೂಳ್ ಕುಡುದ್ರೆ ಎಂಜಿನ್ ಓಯ್ತದೆ."

"ಹೆಂಡತಿ ಕಾಯುತ್ತಿದ್ದಾಳಲ್ಲಯ್ಯಾ."

"ಅವ್ಳು ಬಸ್ಸಲ್ ಬತ್ತಾಳೆ ಬುಡಿ. ದಿನಾ ಬರಾಕಿಲ್ವಾ?"

ಈ ಮಾತನ್ನು ಅವನ ಬಾಯಿಗೆ ನಾನು ತುರುಕಲಿಲ್ಲ, ದಯವಿಟ್ಟು ನಂಬಿ. ಅವನ ಮೇಲೆ ನನಗೆ ಬೇಜಾರಾದದ್ದು ಆಗಲೇ.

ಕಾದು ಸಾಕಾಗಿ ಭವ್ಯ ಬಸ್ಸು ಹತ್ತಿದಳು. ತೆರಕಣಾಂಬಿಯಲ್ಲಿ ಕಿಟಕಿಯಾಚೆ ಗಂಡ ಕಂಡ. ರಸ್ತೆ ಬದಿ ಕೂತು, ಫಿಲ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಮಾದಪ್ಪನಲ್ಲಿ ತಪ್ಪಾಯಿತೆಂದು ಬೇಡಿಕೊಂಡು, ಹಳೇ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜುತ್ತಿದ್ದ. ಅವಳು ಇಳಿಯಲಿಲ್ಲ. ಆ ವಾರವೇ ಗುಂಡ್ಲುಪೇಟೆಯಲ್ಲಿ ಒಂದು ರೂಮು ಮಾಡಿದಳು.

"ಜಗ್ಳ ಆಡಕೂ ಸುಸ್ತು ಕಣ್ರೀ" ಎಂದಷ್ಟೇ ಹೇಳಿ ಬಟ್ಟೆ ತುಂಬಿಕೊಂಡು ಹೋದಳು.

೬.

ಈಗ ಮುಕ್ತಾಯಗಳು. ಇರುವುದನ್ನು ತೋರಿಸುತ್ತೇನೆ, ಚೌಕಾಸಿ ಬೇಡ.

ಅ) ಶಿವಮಲ್ಲು ಕಾರು ಮಾರುತ್ತಾನೆ. (ಅವನು ಈ ಸಾಲನ್ನು ಓದಲೂ ಒಪ್ಪಲಿಲ್ಲ.)

ಆ) ಪುಟ್ಟಸಿದ್ದಮ್ಮ ಸೊಸೆಯನ್ನು ಕರೆತರಲು ಹೋಗುತ್ತಾರೆ. ("ನಾನು ಮಾಡಿದ್ದು ಪೂಜೆ ಕಣಪ್ಪ, ನಂದೇನ್ ತೆಪ್ಪು?" ಎಂದರು. ಅದೂ ಸರಿಯೇ.)

ಇ) ಪದ್ಮಿನಿ ಗುಡುಗುತ್ತ ಆಸ್ಪತ್ರೆಯೆದುರು ನಿಲ್ಲುತ್ತದೆ, ವಾರ್ಡಿನವರೆಲ್ಲ ಕಿಟಕಿಗೆ ಬರುತ್ತಾರೆ. ನನಗೆ ಇಷ್ಟವಾದದ್ದು ಇದು. ಭವ್ಯ ಬೇಡವೆಂದಳು.

"ಕಾರು ಬಂದ್ರೆ ಮತ್ತೆ ಕಾರಿನ್ ಮಾತೇ ಆಯ್ತದೆ ಸಾ. ಬರಂಗಿದ್ರೆ ಬಸ್ಸಲ್ ಬರ್ಲಿ."

೭.

ಬಸ್ಸಲ್ಲೇ ಹೊರಟ. ಸೀಟು ಸಿಗಲಿಲ್ಲ. ಸ್ವಲ್ಪ ದೂರ ಅಭ್ಯಾಸಬಲದಿಂದ ಎಂಜಿನ್ ಸದ್ದಿಗೆ ಕಿವಿಗೊಟ್ಟ. ಆಮೇಲೆ ಮೊಣಕಾಲು ನೋಯತೊಡಗಿತು, ಯಾರದೋ ಚೀಲ ಬೆನ್ನಿಗೆ ಒತ್ತಿತು, ಟಿಪ್ಪರಿನ ಧೂಳು ಕಿಟಕಿಯಿಂದ ನುಗ್ಗಿ ಬಾಯಿಗೆ ಬಂತು. ಕೆಮ್ಮಿದ. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಭವ್ಯ ಕೂಡ ಹೀಗೇ ಮಾಡಿಕೊಳ್ಳುತ್ತಿದ್ದಳೇನೋ ಎಂದುಕೊಂಡ. ಇಷ್ಟು ವರ್ಷ ಎಂಜಿನ್ ಏನು ಕುಡಿಯುತ್ತದೆ ಎಂದು ತಲೆ ಕೆಡಿಸಿಕೊಂಡವನಿಗೆ ತುಂಬ ನಾಚಿಕೆಯಾಯಿತು.

ರೂಮಿನ ಬಾಗಿಲು ತಟ್ಟಿದ. ಬಾಗಿಲು ತೆರೆಯಿತು ಎಂದು ನಾನು ಬರೆದೆ.

"ಅದ ಒಡ್ದಾಕಿ ಸಾ" ಎಂದಳು ಭವ್ಯ ಒಳಗಿನಿಂದ. "ಈಗ್ತಾನೆ ಡ್ಯೂಟಿ ಮುಗ್ಸ್ಕಂಡ್ ಬಂದು ಕಾಲ್ ನೀಡ್ಕಂಡ್ ಕೂತಿವ್ನಿ. ತೆಗಿಯದೋ ಬುಡದೋ, ಎದ್ದಾಗ ನೋಡನ."

ಆ ಸಾಲನ್ನು ಹೊಡೆದು ಹಾಕಿದೆ. ಶಿವಮಲ್ಲು ಮೆಟ್ಟಿಲ ಮೇಲೆ ಕೂತ. ಹೊತ್ತು ಹೋಯಿತು, ಚಾಮರಾಜನಗರದ ಬಸ್ಸೂ ಹೋಯಿತು.

"ನಡಿ ಶಿವಮಲ್ಲು, ಹೋಗೋಣ" ಎಂದೆ. ನನಗೂ ಸುಸ್ತಾಗಿತ್ತು.

"ನಾನ್ ಇಲ್ಲೇ ಇರ್ತೀನಿ, ನೀವ್ ಓಗಿ ಸಾ" ಎಂದ ಅವನು. ಆಮೇಲೆ, ನಿಮ್ಮ ಕಡೆ ನೋಡಿ, "ಅವ್ರನ್ನೂ ಕರ್ಕಂಡ್ ಓಗಿ" ಎಂದ.