ಸೂಜಿಯಕ್ಕನ ಕಂಪ್ಯೂಟರಿಗೆ ಜ್ವರ

ಸೂಜಿಯಕ್ಕನ ಕಂಪ್ಯೂಟರು ಎರಡನೆಯ ಸಲವೂ ಹದ್ದಿನ ಕುತ್ತಿಗೆಯ ಹತ್ತಿರವೇ ಕೈಕೊಟ್ಟಿತು. ರೆಕ್ಕೆ, ಬಾಲ, ಉಗುರು ಎಲ್ಲವೂ ಚಿನ್ನದ ಬಣ್ಣದ ದಾರದಲ್ಲಿ ಚೊಕ್ಕವಾಗಿ ಮೂಡಿದ್ದವು. ಇನ್ನು ತಲೆಯೊಂದು ಬಾಕಿ ಎನ್ನುವಾಗ ಪರದೆ ಕಪ್ಪಾಯಿತು, ಕಸೂತಿ ಮಿಷನ್ ಸೂಜಿ ಮೇಲೆತ್ತಿಕೊಂಡು ಸುಮ್ಮನೆ ನಿಂತುಬಿಟ್ಟಿತು. ಹಾಗೆ ಒಮ್ಮೆ ನಿಂತರೆ ಮುಗಿಯಿತು, ಬಿಟ್ಟ ಜಾಗವನ್ನು ಹುಡುಕಿ ಮತ್ತೆ ಹಿಡಿಯುವ ಬುದ್ಧಿ ಆ ಹಳೆಯ ಮಿಷನ್ನಿಗಿಲ್ಲ. ವಾದ್ಯತಂಡದವರ ಎರಡನೆಯ ಕೋಟೂ ಬೆನ್ನ ಮೇಲೆ ರುಂಡವಿಲ್ಲದ ಹದ್ದನ್ನು ಹೊತ್ತು ಮೂಲೆ ಸೇರಿತು.

ತಂಡದ ಬ್ಯಾಂಡ್ ಮಾಸ್ಟರ್ ಒಳ್ಳೆಯ ಮನುಷ್ಯ. "ಇನ್ನೊಂದು ಕೋಟು ಹಾಳಾದ್ರೆ ಉಳಿದಿದ್ದನ್ನೆಲ್ಲ ದೊಡ್ಡಂಗಡಿಗೆ ಕೊಡಬೇಕಾಗುತ್ತಮ್ಮ, ಬೇಜಾರು ಮಾಡ್ಕೋಬೇಡಿ" ಎಂದಷ್ಟೇ ಹೇಳಿ ಹೋದರು. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾವ ಹಾಜರಾದರು. ಗಂಡನ ಅಣ್ಣನಾದ ಇವರು, ಯಾರ ಮನೆಯಲ್ಲಿ ಏನು ಕೆಟ್ಟರೂ ಅದನ್ನು ಎಸೆಯಿರಿ ಎಂದು ಹೇಳಲೆಂದೇ ಹುಟ್ಟಿದವರು. "ಇದರ ಕಾಲ ಮುಗೀತಮ್ಮ. ನನಗೆ ಗೊತ್ತಿರೋ ಬಟ್ಟೆ ಅಂಗಡೀಲಿ ಪ್ಯಾಂಟು ಗಿಡ್ಡ ಮಾಡೋಕೆ ಒಬ್ರು ಬೇಕಂತೆ, ಮಾತಾಡಿದ್ದೀನಿ. ಸೋಮವಾರ ಗಾಡಿ ತರ್ತೀನಿ. ಇದನ್ನ ಗುಜರಿಗೆ ಹಾಕಿ, ಹಾಗೇ ನಿನ್ನನ್ನೂ ಅಲ್ಲಿ ಬಿಟ್ಟು ಬರ್ತೀನಿ."

ಕಂಪ್ಯೂಟರನ್ನೂ ಅವಳನ್ನೂ ಒಂದೇ ಗಾಡಿಯಲ್ಲಿ ಸಾಗಿಸುವ ಏರ್ಪಾಡು! ಸೂಜಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಗೆ ಮುಂಚೆ ಪರರ ಅಂಗಡಿಯ ಮೂಲೆಯಲ್ಲಿ ಕೂತು, ಕಂಡವರ ಪ್ಯಾಂಟು ಗಿಡ್ಡ ಮಾಡಿ ಮಾಡಿ ಅವಳಿಗೆ ಜೀವ ಸಾಕಾಗಿತ್ತು. ಬೀದಿಗೆ ಮುಖ ಮಾಡಿದ ಈ ಪುಟ್ಟ ಕೋಣೆ ಅವಳದು, ಇಲ್ಲಿ ಅವಳೇ ಯಜಮಾನಿ. ಆದರೆ ಕಸೂತಿ ಮಿಷನ್ ಮಾತು ಕೇಳುವುದು ಈ ಮುದಿ ಕಂಪ್ಯೂಟರಿನದು ಮಾತ್ರ. ಅದರ ದಪ್ಪ ಕೇಬಲ್ಲನ್ನು ಸಿಕ್ಕಿಸುವ ಕಿಂಡಿಯೇ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಇದು ಹೋದರೆ ಮಿಷನ್ ಹೋಯಿತು, ಮಿಷನ್ ಹೋದರೆ ಅವಳು ಮತ್ತೆ ಆ ಮೂಲೆಗೇ.

ಗಂಡ ಬಸ್ ಡ್ರೈವರು. ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ನಿಂತಾಗ ಮುಟ್ಟಿ ನೋಡಿದ್ಯಾ?"

"ನೋಡ್ದೆ. ಕೆಂಡ ಆಗಿತ್ತು."

"ಮತ್ತೆ ಎಂಜಿನ್ ಕಾದಿದೆ ಅಷ್ಟೇ. ನನ್ನ ಬಸ್ಸಲ್ಲಿ ಕಣ್ಣೆದುರೇ ಬಿಸಿ ತೋರಿಸೋ ಮುಳ್ಳಿರುತ್ತೆ, ಕೆಂಪಿಗೆ ಬಂದ್ರೆ ಪಕ್ಕಕ್ಕೆ ಹಾಕ್ತೀನಿ. ಮುಳ್ಳು ನೋಡದೆ ಯಾರಾದ್ರೂ ಏರು ಹತ್ತಿಸ್ತಾರಾ?"

"ಇದಕ್ಕೆಲ್ಲಿದೆ ರೀ ಮುಳ್ಳು?"

"ಇಲ್ದಿದ್ರೆ ಹಾಕು."

ಹೇಳುವುದು ಸುಲಭ. ಆದರೂ ಆ ಮಾತು ಅವಳ ತಲೆಯೊಳಗೆ ಕೂತುಬಿಟ್ಟಿತು. ಫೋನಿನಲ್ಲಿ ಹುಡುಕಿದಾಗ ಗೊತ್ತಾದದ್ದೇನೆಂದರೆ, ಕಂಪ್ಯೂಟರಿನ ಹೊಟ್ಟೆಯಲ್ಲಿ ಶಾಖ ಅಳೆಯುವ ಸೆನ್ಸರುಗಳು ಹುಟ್ಟಿನಿಂದಲೇ ಇರುತ್ತವೆ, ಅವುಗಳನ್ನು ಕೇಳುವವರಿಲ್ಲ ಅಷ್ಟೇ. ಕೇಳಿ ತೋರಿಸುವ ಪ್ರೋಗ್ರಾಮು ಪುಕ್ಕಟೆಯಾಗಿ ಸಿಗುತ್ತದೆ. ಹೊಸದನ್ನು ಹಾಕಿದರೆ ಮುದಿ ಕಂಪ್ಯೂಟರು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಅದೇ ಪ್ರೋಗ್ರಾಮಿನ ಹಳೆಯ ಆವೃತ್ತಿಯೊಂದನ್ನು ಹುಡುಕಿ ಹಾಕಿದಳು. ತೆರೆಯಿತು. ಪರದೆಯ ಮೇಲೆ ಅಂಕಿಗಳ ಸಾಲೇ ಇಳಿಯಿತು.

ಮೂರನೆಯ ಸಾಲಿನಲ್ಲಿ ನೂರಿಪ್ಪತ್ತೇಳು ಡಿಗ್ರಿ ಎಂದಿತ್ತು.

ಗಂಡ ಒಂದೇ ನೆಗೆತಕ್ಕೆ ಎದ್ದು ಪ್ಲಗ್ ಕಿತ್ತ. "ನೀರು ಕುದಿಯೋದೇ ನೂರಕ್ಕೆ ಕಣೇ. ಮನೆ ಸುಟ್ಟುಹೋಗುತ್ತೆ."

ಸೂಜಿಯಕ್ಕ ಕಂಪ್ಯೂಟರಿನ ಮೈ ಮುಟ್ಟಿದಳು. ತಣ್ಣಗಿತ್ತು. ಮರುದಿನ ಬೆಳಗ್ಗೆ ಆಗತಾನೆ ಹಚ್ಚಿದಾಗಲೂ ಅದೇ ನೂರಿಪ್ಪತ್ತೇಳು, ಒಂದು ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಆ ಸಾಲಿಗೆ ಯಾವ ಸೆನ್ಸರೂ ಜೋಡಿಸಿರಲಿಲ್ಲ, ಅದು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುತ್ತಿತ್ತು. ಗಂಡ ತಲೆ ಕೆರೆದುಕೊಂಡ. "ಸತ್ತ ಮುಳ್ಳು. ನಮ್ಮ ಡಿಪೋದಲ್ಲೂ ಒಂದು ಬಸ್ಸಿದೆ, ಡೀಸೆಲ್ ಖಾಲಿಯಾಗಿ ನಿಂತಾಗಲೂ ಟ್ಯಾಂಕ್ ತುಂಬಿದೆ ಅನ್ನುತ್ತೆ."

ಅವಳು ಆ ಸಾಲನ್ನು ಮರೆಮಾಡಿದಳು. ಪ್ರೊಸೆಸರಿನ ಶಾಖ, ಫ್ಯಾನಿನ ವೇಗ, ಇವೆರಡನ್ನು ಪರದೆಯ ಮೂಲೆಯಲ್ಲಿ ಸದಾ ಕಾಣುವಂತೆ ಕೂರಿಸಿದಳು. ಎಂಬತ್ತೈದು ದಾಟಿದರೆ ಕೂಗಬೇಕೆಂದು ಗಂಟೆಯನ್ನೂ ಹೊಂದಿಸಿದಳು. ಆಮೇಲೆ ಮಿಷನ್ನಿಗೆ ಹಳೇ ಹೊದಿಕೆಯ ತುಂಡೊಂದನ್ನು ಸಿಕ್ಕಿಸಿ ಅದೇ ಹದ್ದನ್ನು ಹೊಲಿಯಲು ಬಿಟ್ಟಳು.

ಸುಮ್ಮನಿದ್ದಾಗ ಐವತ್ತು. ಬಾಲ ಮುಗಿಯುವಷ್ಟರಲ್ಲಿ ಅರವತ್ತೆಂಟು. ರೆಕ್ಕೆಗೆ ಬಂದಾಗ ಎಪ್ಪತ್ತೊಂಬತ್ತು. ಫ್ಯಾನು ಜೀವ ಹೋಗುವ ಹಾಗೆ ಅರಚಿಕೊಳ್ಳುತ್ತಿತ್ತು, ಅಂಕಿ ಮಾತ್ರ ಇಳಿಯುವ ಮಾತೇ ಇಲ್ಲ. ಕುತ್ತಿಗೆಯ ಹತ್ತಿರ ಗಂಟೆ ಕೂಗಿತು. ಅವಳು ತಾನೇ ಕೈಯಾರೆ ಮಿಷನ್ ನಿಲ್ಲಿಸಿದಳು. ಈ ಸಲ ಅದು ಹೇಳದೆ ಕೇಳದೆ ಸಾಯಲಿಲ್ಲ. ಸೂಜಿಯಕ್ಕನಿಗೆ ಅರ್ಧ ಯುದ್ಧ ಗೆದ್ದಷ್ಟು ಖುಷಿಯಾಯಿತು.

"ಫ್ಯಾನ್ ತಿರುಗ್ತಿದೆ, ಗಾಳಿ ಒಳಗೆ ಹೋಗ್ತಿಲ್ಲ. ರೇಡಿಯೇಟರ್ ಕಟ್ಟಿದೆ," ಎಂದ ಗಂಡ, ಸ್ಕ್ರೂಡ್ರೈವರ್ ತಂದು ಪಕ್ಕದ ತಗಡು ಬಿಚ್ಚಿದ.

ಫ್ಯಾನಿನ ಕೆಳಗೆ, ಶಾಖ ಹೊರಹಾಕುವ ತಗಡಿನ ಹಲ್ಲುಗಳ ಮೇಲೆ, ಕಂಬಳಿಯಂಥದ್ದೊಂದು ಹಾಸಿಕೊಂಡು ಕೂತಿತ್ತು. ಚಿಮಟದಲ್ಲಿ ಎಳೆದರೆ ಇಡಿಯಾಗಿ ಎದ್ದು ಬಂತು. ಬುಡದಲ್ಲಿ ದಾದಿಯರ ಸಮವಸ್ತ್ರದ ಬಿಳಿ, ಅದರ ಮೇಲೆ ಕ್ರೀಡಾ ತಂಡದ ಹಸಿರು, ಎಲ್ಲಕ್ಕೂ ಮೇಲೆ ಬ್ಯಾಂಡಿನ ಕೋಟಿನ ಕಪ್ಪು. ಅವಳು ಹೊಲಿದ ಬಟ್ಟೆಗಳಿಂದ ಉದುರಿದ ನವಿರಾದ ಜುಂಗೆಲ್ಲ ಪದರ ಪದರವಾಗಿ ಅಲ್ಲಿತ್ತು. ಸೂಜಿಯಕ್ಕ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು.

ದಿನಾ ಸಂಜೆ ಕೋಣೆಗೆ ಬೀಗ ಹಾಕುವ ಮೊದಲು ಬ್ಲೋವರ್ ಹಿಡಿದು ಮಿಷನ್ನಿನ ಮೈಮೇಲಿನ ಜುಂಗನ್ನೆಲ್ಲ ಊದಿ ಕಳೆಯುವುದು ಅವಳ ಪದ್ಧತಿ. ಇಷ್ಟು ಚೊಕ್ಕವಾಗಿ ಮಿಷನ್ ಇಟ್ಟುಕೊಂಡವರು ಈ ಬೀದಿಯಲ್ಲೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಲೂ ಇದ್ದಳು. ಕಂಪ್ಯೂಟರು ಇದ್ದದ್ದು ಅದೇ ಮೇಜಿನ ಕೆಳಗೆ, ಬಾಯ್ತೆರೆದುಕೊಂಡು ಗಾಳಿ ಎಳೆಯುತ್ತ.

"ನಾನೇ ಕಣ್ರೀ ಇದರ ಉಸಿರು ಕಟ್ಟಿಸಿದ್ದು," ಎಂದಳು.

"ಬಾಯಿ ಮುಚ್ಚು. ಅಣ್ಣನಿಗೆ ಗೊತ್ತಾದ್ರೆ ಇನ್ನೊಂದು ವರ್ಷ ಆಡ್ಕೋತಾನೆ," ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

ಬಣ್ಣದ ಬ್ರಷ್ಷಿನಲ್ಲಿ ಹಲ್ಲುಗಳನ್ನೆಲ್ಲ ತಿಕ್ಕಿದರು. ಪ್ರೊಸೆಸರಿನ ಮೇಲೆ ಒಣಗಿ ಸುಣ್ಣವಾಗಿದ್ದ, ಶಾಖ ದಾಟಿಸುವ ಪೇಸ್ಟನ್ನು ಒರೆಸಿ, ರಿಪೇರಿ ಅಂಗಡಿಯಿಂದ ತಂದ ಹೊಸದನ್ನು ಬಟಾಣಿಯಷ್ಟು ಹಚ್ಚಿದರು. ಕಂಪ್ಯೂಟರನ್ನು ಮೇಜಿನಡಿಯಿಂದ ಎಬ್ಬಿಸಿ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿದರು. ಹೊದಿಕೆಯ ತುಂಡಿನ ಮೇಲೆ ಮತ್ತೆ ಅದೇ ಹದ್ದು. ಬಾಲಕ್ಕೆ ಐವತ್ತೊಂದು. ರೆಕ್ಕೆಗೆ ಐವತ್ತಾರು. ಕುತ್ತಿಗೆ ಬಂದಾಗ ಇಬ್ಬರೂ ಪರದೆಯ ಮೂಲೆಗೆ ಬಾಗಿದರು. ಐವತ್ತೆಂಟು. ಅಲ್ಲಿಂದ ಮುಂದಕ್ಕೆ ಅದು ಹತ್ತಲೇ ಇಲ್ಲ. ಸೂಜಿ ಕುತ್ತಿಗೆ ದಾಟಿತು, ಕಣ್ಣು ಹಾಕಿತು, ಕೊಕ್ಕು ಬಾಗಿಸಿತು. ತನ್ನ ಹದ್ದಿನ ಮುಖವನ್ನು ದಾರದಲ್ಲಿ ಅವಳು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿಬಂತು. ಅದನ್ನು ಸೆರಗಿನಿಂದ ಒರೆಸಿಕೊಂಡವಳೇ ಮೂರನೆಯ ಕೋಟು ಎತ್ತಿಕೊಂಡಳು.

ಸೋಮವಾರ ಭಾವ ಗಾಡಿಯ ಸಮೇತ ಬಂದಾಗ ಗೋಡೆಯ ಮೊಳೆಗಳಲ್ಲಿ ಕಪ್ಪು ಕೋಟುಗಳು ಸಾಲಾಗಿ ತೂಗುತ್ತಿದ್ದವು, ಒಂದೊಂದರ ಬೆನ್ನಲ್ಲೂ ತಲೆಯೆತ್ತಿದ ಹದ್ದು. ಮಿಷನ್ನಿನಲ್ಲಿ ಇನ್ನೊಂದು ಓಡುತ್ತಿತ್ತು. ಬ್ಯಾಂಡ್ ಮಾಸ್ಟರ್ ಮೊದಲು ಮುಗಿದ ಕೋಟನ್ನು ತೊಟ್ಟು, ತಮ್ಮ ಬೆನ್ನು ತಾವೇ ನೋಡಿಕೊಳ್ಳಲು ಕನ್ನಡಿಯ ಮುಂದೆ ಗಿರಗಿರ ತಿರುಗುತ್ತಿದ್ದರು.

ಭಾವ ನೇರವಾಗಿ ಬಂದು, ಸೊಂಟದ ಮೇಲೆ ಕೈಯಿಟ್ಟು ಕಂಪ್ಯೂಟರಿಗೂ ಕಿಟಕಿಗೂ ನಡುವೆ ನಿಂತರು. "ಏನಮ್ಮ ಇದು, ಇನ್ನೂ ಬಿಚ್ಚಿಟ್ಟಿಲ್ವಾ? ಅಂಗಡಿಯವರು ಕಾಯ್ತಿದ್ದಾರೆ."

ಪರದೆಯ ಮೂಲೆಯಲ್ಲಿ ಐವತ್ತೆಂಟು ಇದ್ದದ್ದು ಅರವತ್ತಾಯಿತು. ಸೂಜಿಯಕ್ಕ ಅದನ್ನು ನೋಡಿದಳು, ಭಾವನನ್ನು ನೋಡಿದಳು, ಕೈಯಲ್ಲಿದ್ದ ದಾರದ ಉಂಡೆ ಕೆಳಗಿಡದೆಯೇ ಹೇಳಿದಳು:

"ಭಾವ, ಸ್ವಲ್ಪ ಆಚೆ ನಿಂತ್ಕೊಳ್ಳಿ. ಗಾಳಿಗೆ ಅಡ್ಡ ಆಗಿದ್ದೀರಿ."

ಭಾವ ಸರಿದು ನಿಂತರು. ಅಂಕಿ ಐವತ್ತೆಂಟಕ್ಕೆ ಇಳಿಯಿತು.