ಮೊದಲ ತುತ್ತು

ಯಾರು ಏನು ಉಣ್ಣಬೇಕೆಂದು ಹೇಳಿಕೊಡುವುದೇ ಹರಿಣಿಯ ಉದ್ಯೋಗ. ಉಡುಪಿ ಕಡೆಯವಳು, ಮುಲುಂಡಿನ ಅಪಾರ್ಟ್‌ಮೆಂಟಿನಲ್ಲಿ ಮನೆ. ಸಂಸ್ಥೆಯೊಂದರ ಪರವಾಗಿ ಪ್ರತಿ ಸೋಮವಾರ ವಡಾಲದ ಗುಡಿಸಲುಗಳಿಗೆ ಹೋಗಿ, ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಹೆಂಗಸರಿಗೆ ಡಬ್ಬಗಳಲ್ಲಿ ಸೊಪ್ಪು ಬೆಳೆಯುವುದನ್ನೂ ಅದನ್ನು ಅಡುಗೆ ಮಾಡುವುದನ್ನೂ ಕಲಿಸುತ್ತಿದ್ದಳು. ಅಲ್ಲಿನ ಸುಂದ್ರವ್ವನ ಸೊಸೆ ಸಪ್ನಾ ತುಂಬು ಬಸುರಿ, ಮೈಯಲ್ಲಿ ರಕ್ತವೇ ಇಲ್ಲ. ಅವಳು ಹೊತ್ತಿಗೆ ಸರಿಯಾಗಿ ಉಣ್ಣುವಂತೆ ಮಾಡುವಷ್ಟರಲ್ಲಿ ಹರಿಣಿಗೆ ಸಾಕುಸಾಕಾಗಿತ್ತು.

ಈ ಕೆಲಸದಲ್ಲೊಂದು ಪದ್ಧತಿಯಿದೆ. ಮಾಡಿದ ಅಡುಗೆಯ ಮೊದಲ ತುತ್ತು ಕಲಿಸುವವಳದ್ದು. ಅವಳು ತಿಂದರೆ ಉಳಿದವರಿಗೆ ನಂಬಿಕೆ. ಇಷ್ಟು ದಿನ ಹರಿಣಿ ತನ್ನದೇ ಪಾತ್ರೆ ತಂದು, ತಾನೇ ಬೇಯಿಸಿ ತಿನ್ನುತ್ತಿದ್ದಳು. ಆ ಸೋಮವಾರ ಸುಂದ್ರವ್ವ ತಾನು ಬೆಳೆದ ಮೆಂತ್ಯಸೊಪ್ಪಿನ ಪಲ್ಯ ಮಾಡಿ, ಬಿಸಿ ರೊಟ್ಟಿಯ ಮೇಲಿಟ್ಟು ಕೊಟ್ಟಳು. ಸೊಪ್ಪು ತೊಳೆದ ಡ್ರಮ್ಮು ಗಟಾರದ ಪಕ್ಕದಲ್ಲಿತ್ತು. ನೀರು ಸ್ವಚ್ಛವಾದದ್ದೇ, ಮುಚ್ಚಿಡಲು ಹೇಳಿಕೊಟ್ಟವಳೂ ಹರಿಣಿಯೇ. ಆದರೂ ಆ ತುತ್ತನ್ನು ಬಾಯಿಗಿಡಲು ಮನಸ್ಸಾಗಲಿಲ್ಲ. ಇವತ್ತಿನಿಂದ ಸೋಮವಾರದ ಉಪವಾಸ ಹಿಡಿದಿದ್ದೇನೆ ಎಂದುಬಿಟ್ಟಳು. ಎಷ್ಟು ಸಲೀಸಾಗಿ ಬಂತು ನೋಡಿ ಆ ಸುಳ್ಳು!

ಸುಂದ್ರವ್ವ ಓಡಿಹೋಗಿ ಬಾಳೆಹಣ್ಣು ತಂದುಕೊಟ್ಟಳು. ಸಿಪ್ಪೆ ಸುಲಿದು ತಿನ್ನಲು ಹರಿಣಿಗೆ ಅಡ್ಡಿಯಿರಲಿಲ್ಲ. ದಾದರಿನಲ್ಲಿ ಲೋಕಲ್ ಹತ್ತುವ ಮೊದಲು ಬೀದಿಯಲ್ಲೇ ನಿಂತು ವಡಾಪಾವ್ ಕೂಡ ತಿಂದಳು. ಅಲ್ಲಿ ಯಾವ ನೀರು ಬಳಸಿದ್ದಾರೆಂದು ಕೇಳಲಿಲ್ಲ.

ಮುಂದಿನ ಸೋಮವಾರ ಹೋದರೆ ಸಪ್ನಾ ಗೋಡೆಗೊರಗಿ ಕೂತಿದ್ದಳು, ತುಟಿ ಬಿಳಿಚಿತ್ತು. ನಲ್ಲಿಯ ಹತ್ತಿರ ತಲೆ ತಿರುಗಿ ಬಿದ್ದಿದ್ದಳಂತೆ. ಬೆಳಗಿನಿಂದ ಏನು ತಿಂದಿದ್ದಾಳೆ ಎಂದು ಹರಿಣಿ ಕೇಳಿದಳು.

"ಏನೂ ಇಲ್ರಿ," ಎಂದಳು ಸುಂದ್ರವ್ವ, ಹೆಮ್ಮೆಯಿಂದಲೇ. "ಊಟದ ಬಗ್ಗೆ ಎಲ್ಲಾ ತಿಳದ ಮೇಡಮ್ಮಾರ ಸೋಮಾರ ಹಿಡದಾರಂದ್ರ ಅದರಾಗ ಏನರ ಒಳ್ಳೇದು ಇರಬೇಕಲ್ರಿ. ಕೂಸಿಗೆ ಚಲೋ ಆಗ್ಲಿ ಅಂತ ಇಕಿಗೂ ಹಿಡಸೀನಿ."

ಹರಿಣಿಗೆ ತಲೆಯೆತ್ತಲು ನಾಚಿಕೆಯಾಯಿತು. ಬಸುರಿಯರು ಉಪವಾಸ ಮಾಡಬಾರದೆಂದು ಪಾಠ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಈಗ ಇವಳ ಪಾಠವನ್ನು ನಂಬುವವರು ಯಾರು? ಇವಳು ಮಾಡಿದ್ದನ್ನೇ ಅವರು ಕಲಿತಿದ್ದರು.

"ನನಗೆ ಆವತ್ತು ಉಪವಾಸ ಇರ್ಲಿಲ್ಲ ಸುಂದ್ರವ್ವ," ಎಂದಳು. "ನಿಮ್ಮಲ್ಲಿ ತಿನ್ಲಿಕ್ಕೆ ಅಸಹ್ಯ ಆಯ್ತು. ಅದಕ್ಕೆ ಸುಳ್ಳು ಹೇಳಿದೆ."

ಸುಂದ್ರವ್ವ ಅವಳನ್ನೇ ನೋಡಿದಳು. ಒಳಗೆ ಹೋಗಿ ರೊಟ್ಟಿ, ಪಲ್ಯ ತಂದು ಸೊಸೆಯ ಮುಂದಿಟ್ಟು, ಮೊದಲ ತುತ್ತನ್ನು ತಾನೇ ತಿಂದು, "ಉಣ್ಣವಾ" ಎಂದಳು. ಸಪ್ನಾ ಉಣ್ಣತೊಡಗಿದಳು.

ತನಗೂ ಹಾಕಿ ಎಂದು ಹರಿಣಿ ಕೈಯೊಡ್ಡಿದಳು.

"ಬ್ಯಾಡ್ರಿ ಮೇಡಮ್ಮಾರ," ಎಂದಳು ಸುಂದ್ರವ್ವ, ಮೆತ್ತಗೆ. "ನಿಮಗ ಬಾಳೆಹಣ್ಣು ತರ್ತೀನಿ."